ಎಡ ಹುಬ್ಬು

ಜೂನ್ ೪

ಕಂದಾ,

ನಿನ್ನೆ ಕೆಟ್ಟ ಕನಸು ಬಿತ್ತು. ಹೇಳಿದರೆ ನೀನು ಕೈ ಬೀಸಿ ‘ಶುರುವಾಯ್ತು’ ಅನ್ನುತ್ತೀಯ, ಗೊತ್ತು. ಹೇಳದೆ ಇದ್ದರೆ ಎದೆಯಲ್ಲಿ ಕೂತು ಕುಟುಕುತ್ತಲೇ ಇರುತ್ತದೆ. ಕನಸಿನಲ್ಲಿ ನಮ್ಮ ಮಗ್ಗದ ಶೆಡ್ಡು. ಮಗ್ಗಗಳೆಲ್ಲ ಓಡುತ್ತಿವೆ, ಲಾಳಿಗಳು ಅತ್ತಿಂದಿತ್ತ ಹಾರುತ್ತಿವೆ, ಆದರೆ ಸದ್ದೇ ಇಲ್ಲ. ಆ ತುದಿಯಲ್ಲಿ ನೀನು ನಿಂತು ಕೈಯಲ್ಲಿ ನನಗೇನೋ ಹೇಳುತ್ತಿದ್ದೀಯ. ಬೆರಳುಗಳು ನಿನ್ನವೇ. ಮುಖ ನೋಡಿದರೆ ಬೇರೆ ಯಾರದೋ. ನಾನು ಓಡಿ ಬರುತ್ತೇನೆ, ಶೆಡ್ಡು ಉದ್ದವಾಗುತ್ತಾ ಹೋಗುತ್ತದೆ.

ಅದಕ್ಕೇ ಈ ಕಾಗದ. ನಾಲ್ಕನೇ ಕ್ಲಾಸನ್ನೂ ಅರ್ಧಕ್ಕೆ ಬಿಟ್ಟವಳ ಬರವಣಿಗೆ, ಒತ್ತಕ್ಷರ ಬಂದ ಕಡೆ ಪೆನ್ನು ಎಡವುತ್ತದೆ. ನಗಬೇಡ.

ಇಲ್ಲಿ ಗಲಾಟೆ ಆದಮೇಲೆ ನೆಟ್ ಬಂದ್ ಮಾಡಿದ್ದಾರೆ. ಫೋನಿನಲ್ಲಿ ನಿನ್ನ ಮುಖ ಬರುವ ಜಾಗದಲ್ಲಿ ಒಂದು ಚಕ್ರ ಸುತ್ತುತ್ತಿರುತ್ತದೆ, ಅಷ್ಟೇ. ಮೆಸೇಜೂ ಹೋಗುವುದಿಲ್ಲ. ಮಾತಾಡುವ ಕಾಲ್ ಮಾತ್ರ ಬಿಟ್ಟಿದ್ದಾರೆ. ಊರಿಗೆಲ್ಲ ಅದರಿಂದಲೇ ಸಮಾಧಾನ. ನಮ್ಮ ಶೆಡ್ಡಿನ ಮೇಸ್ತ್ರಿ ಮೀಸೆ ತಿರುವಿಕೊಂಡು, “ಕಾಲ್ ಹೋಗ್ತದಲ್ಲಮ್ಮ, ಇನ್ನೇನ್ ಬೇಕು? ನೆಟ್ಟಿಲ್ಲ ಅಂತ ನೂಲೇನಾದ್ರೂ ಹರೀತಾ?” ಅಂದ.

“ನನ್ನ ಮಗಳಿಗೆ ಕಾಲ್ ಮಾಡಿ ಏನ್ ಮಾಡ್ಲಿ ಮೇಸ್ತ್ರಿ? ಅವಳಿಗೆ ಕಿವಿ ಕೇಳಲ್ಲ ಅನ್ನೋದು ನಿಮಗೆ ಮರೆತೇಹೋಯ್ತಾ?” ಅಂದೆ.

ಪಾಪ, ನಿಜಕ್ಕೂ ಮರೆತಿದ್ದ. ಅವನದೇನು ತಪ್ಪು ಬಿಡು. ಈ ಶೆಡ್ಡಿನ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳದೆ ನಾವೆಲ್ಲ ಕೈಯಲ್ಲೇ ಮಾತಾಡುವವರು. ನೂಲಿನ ಕಂಡಿಕೆಗಳ ಬುಟ್ಟಿ ಪಕ್ಕ ಆಡಿಕೊಂಡು ಬೆಳೆದ ನೀನೂ ಹಾಗೇ ಕಲಿತೆ. ನಿನ್ನ ಕಿವಿಯ ವಿಷಯ ಹೆತ್ತವಳಿಗೇ ಎಷ್ಟೋ ತಡವಾಗಿ ತಿಳಿಯಿತಲ್ಲ.

ಪಟ್ಟಣದಲ್ಲಿ ನೀನಿರುವ ಹಾಸ್ಟೆಲಿಗೆ ಕಾಲ್ ಮಾಡಿದ್ದೆ. ಅಲ್ಲಿಯ ಮೇಡಂ, “ಚೆನ್ನಾಗಿದ್ದಾಳಮ್ಮ, ಊಟ ಮಾಡ್ತಿದ್ದಾಳೆ” ಅಂದರು. ಏನು ಊಟ ಅಂದೆ. “ಊಟ ಅಮ್ಮ, ಊಟ” ಅಂದರು. ಅವರ ಬಾಯಿಂದ ನಿನ್ನ ಸಮಾಚಾರ ಕೇಳಿದರೆ ಪಕ್ಕದ ಮನೆಯವರ ಸಮಾಚಾರ ಕೇಳಿದ ಹಾಗಾಗುತ್ತದೆ.

ದಿನಾ ಸಂಜೆ ಫೋನನ್ನು ಗೋಡೆಗೆ ಒರಗಿಸಿಟ್ಟು, ಎರಡೂ ಕೈ ಬಿಡುವು ಮಾಡಿಕೊಂಡು ನಿನ್ನೆದುರು ಕೂರುತ್ತಿದ್ದೆನಲ್ಲ. ಈಗ ಆ ಹೊತ್ತಿಗೆ ಕೈಗೆ ಏನು ಕೆಲಸ ಕೊಡಬೇಕೋ ತಿಳಿಯದೆ ತೊಳೆದ ಪಾತ್ರೆಯನ್ನೇ ತೊಳೆಯುತ್ತೇನೆ. ಬೇಗ ಬರಿ. ನೀನೇ ಬರಿ.

ನಿನ್ನ ಅಮ್ಮ

*

ಜೂನ್ ೧೭

ಪ್ರೀತಿಯ ತಾಯಿಯವರಿಗೆ,

ತಮ್ಮ ಪತ್ರ ತಲುಪಿತು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ತಾವೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಕನಸಿನ ಬಗ್ಗೆ ದಯವಿಟ್ಟು ಚಿಂತಿಸಬೇಡಿ.

ಒಂದು ಸಂತೋಷದ ವಿಷಯ. ಕಂಪ್ಯೂಟರಿನಲ್ಲಿ ಚಿತ್ರಗಳಿಗೆ ಗುರುತು ಹಾಕುವ ಹಳೆಯ ಕೆಲಸದಿಂದ ನನ್ನನ್ನು ಹೊಸ ವಿಭಾಗಕ್ಕೆ ವರ್ಗಾಯಿಸಲಾಗಿದೆ. ಇದು ಮುಚ್ಚಿದ ಕೋಣೆಯಲ್ಲಿ ಕ್ಯಾಮೆರಾದ ಮುಂದೆ ಕುಳಿತು ಮಾಡುವ ಕೆಲಸ. ದೂರದ ಜನರು ನನ್ನನ್ನು ಪರದೆಯ ಮೇಲೆ ನೋಡುತ್ತಾರೆ. ಗೋಪ್ಯತೆಯ ಕಾರಣದಿಂದ ಹೆಚ್ಚಿನ ವಿವರಗಳನ್ನು ಬರೆಯುವಂತಿಲ್ಲ. ಈಗ ಪರೀಕ್ಷಾರ್ಥವಾಗಿ ನೇಮಿಸಿದ್ದಾರೆ. ಚೆನ್ನಾಗಿ ಮಾಡಿದರೆ ಕೆಲಸ ಕಾಯಂ ಆಗುವುದು. ಈ ಕೆಲಸ ನನಗೆ ಬಹಳ ಇಷ್ಟವಾಗಿದೆ.

ತಮ್ಮ ಆರೋಗ್ಯದ ಕಡೆ ಗಮನವಿರಲಿ.

ಇಂತಿ ತಮ್ಮ ಪ್ರೀತಿಯ ಮಗಳು

*

ಜೂನ್ ೨೯

ಕಂದಾ,

ಕಾಗದ ಬಂತು. ಅಕ್ಷರ ನಿನ್ನದೇ. ಗುಂಡಗೆ, ಸಾಲು ಸ್ವಲ್ಪ ಮೇಲಕ್ಕೆ ಹತ್ತುತ್ತಾ ಹೋಗುವುದು ನಿನ್ನದೇ. ಆದರೆ ಒಳಗಿನ ಮಾತು ಯಾರದು? ನೀನು ಯಾವಾಗಿನಿಂದ ನನಗೆ ‘ತಾವು’ ಅನ್ನಲು ಶುರುಮಾಡಿದೆ? ‘ನೇಮಿಸಿದ್ದಾರೆ’ ಅಂತೆ, ‘ಗೋಪ್ಯತೆ’ ಅಂತೆ. ಎದುರುಮಗ್ಗದ ಚಿಕ್ಕಮ್ಮನಿಗೆ ತೋರಿಸಿದೆ. ಅವಳು ಓದಿ, “ಇದೇನೇ, ಕೋರ್ಟಿನ ನೋಟೀಸು ಬಂದ ಹಾಗಿದೆ” ಅಂದಳು. ನಗುತ್ತಾ ಅಂದಳು, ನನಗೆ ನಗು ಬರಲಿಲ್ಲ.

ಮುಚ್ಚಿದ ಕೋಣೆ ಯಾಕೆ? ಕ್ಯಾಮೆರಾ ಯಾಕೆ? ಯಾರು ಆ ದೂರದ ಜನ, ನಿನ್ನನ್ನು ಯಾಕೆ ನೋಡಬೇಕು? ವಿವರ ಬರೆಯಬಾರದು ಅಂದರೆ ಅದೆಂಥ ಕೆಲಸ? ನಾನು ಮಾಡುವ ಕೆಲಸವನ್ನು ಯಾರು ಕೇಳಿದರೂ ಹೇಳುತ್ತೇನೆ. ನೂಲು ಹರಿದರೆ ಗಂಟು ಹಾಕುತ್ತೇನೆ, ಕಂಡಿಕೆ ಮುಗಿದರೆ ಬೇರೆ ಹಾಕುತ್ತೇನೆ. ಹೇಳಬಾರದ್ದು ಏನಿದೆ ಅದರಲ್ಲಿ?

ಹಾಸ್ಟೆಲಿಗೆ ಮತ್ತೆ ಕಾಲ್ ಮಾಡಿದೆ. ಫೋನು ಅವಳ ಕೈಗೆ ಕೊಡಿ ಅಂದೆ.

“ಕೊಟ್ರೆ ಏನ್ ಪ್ರಯೋಜನ ಅಮ್ಮ? ಅವಳಿಗೆ ಕೇಳಲ್ವಲ್ಲ.”

“ನನಗೆ ಕೇಳುತ್ತಲ್ಲ ಮೇಡಂ. ಅವಳ ಬಾಯಿ ಹತ್ರ ಹಿಡೀರಿ.”

ಹಿಡಿದರು ಅಂತ ಕಾಣುತ್ತೆ. ಉಸಿರಾಡುವುದು ಕೇಳಿತು. ಉಸಿರು ಯಾರದ್ದಾದರೂ ಆಗಿರಬಹುದು. ಶಾಲೆಯಲ್ಲಿ ಹುಡುಗರು ಅಣಕಿಸಿದ ಮೇಲೆ ಹೊರಗಿನವರ ಮುಂದೆ ನೀನು ದನಿ ತೆಗೆಯುವವಳಲ್ಲ, ಅದು ನನಗೆ ಗೊತ್ತು. ಆದರೂ ಮೇಡಂ ಫೋನ್ ಇಡುವ ತನಕ ಆ ಉಸಿರನ್ನೇ ಕೇಳುತ್ತಾ ನಿಂತಿದ್ದೆ.

ಹೊರಟು ಬರೋಣವೆಂದರೆ ನದಿಯ ಸೇತುವೆ ದಾಟಲು ಯಾರನ್ನೂ ಬಿಡುತ್ತಿಲ್ಲ. ನಾನು ಇಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ನೀನು ಅಲ್ಲಿ ಕೋಣೆಯಲ್ಲಿ.

ಒಂದೇ ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ನನ್ನನ್ನು ಕೈಯಲ್ಲಿ ಹೇಗೆ ಕರೆಯುತ್ತೀಯ? ಯಾವ ಕೈ, ಎಲ್ಲಿ ಮುಟ್ಟುವುದು, ಪೂರ್ತಿ ಬರಿ. ಯಾಕೆ ಅಂತ ಕೇಳಬೇಡ.

ಅಮ್ಮ

*

ಜುಲೈ ೧೨

ಪ್ರೀತಿಯ ತಾಯಿಯವರಿಗೆ,

ತಮ್ಮ ಪತ್ರದಿಂದ ನನಗೆ ಬೇಸರವೂ ಆಯಿತು, ನಗುವೂ ಬಂದಿತು. ತಾವು ಕೇಳಿದ ಪ್ರಶ್ನೆಗೆ ಉತ್ತರ ಹೀಗಿದೆ: ಎಡಗೈಯ ಎರಡು ಬೆರಳುಗಳಿಂದ ಎಡ ಹುಬ್ಬನ್ನು ಒಳಗಿನಿಂದ ಹೊರಗೆ ಸವರುವುದು. ಲಾಳಿ ಹಾರಿ ಬಡಿದು ತಮ್ಮ ಹುಬ್ಬಿನ ಮೇಲೆ ಆದ ಗಾಯದ ಗುರುತಿನಿಂದ ಈ ಹೆಸರು ಬಂದಿದೆ.

ಮುಂದಿನ ತಿಂಗಳು ನನ್ನ ಕೆಲಸದ ಬಗ್ಗೆ ತೀರ್ಮಾನವಾಗಲಿದೆ. ಕಚೇರಿಯವರು ಮನೆಯವರ ಒಪ್ಪಿಗೆಯನ್ನೂ ಕೇಳುತ್ತಾರೆ. ತಾವು ದಯವಿಟ್ಟು ಒಪ್ಪಬೇಕೆಂದು ಕೋರುತ್ತೇನೆ. ಇಂತಹ ಕೆಲಸ ನನಗೆ ಮತ್ತೆ ಸಿಗಲಾರದು.

ಇಂತಿ ತಮ್ಮ ಪ್ರೀತಿಯ ಮಗಳು

*

ಜುಲೈ ೨೦

ಈ ಕಾಗದ ಓದುತ್ತಿರುವವರಿಗೆ,

ನೀವು ಯಾರೋ ನನಗೆ ಗೊತ್ತಿಲ್ಲ. ಗಂಡಸೋ ಹೆಂಗಸೋ ಗೊತ್ತಿಲ್ಲ. ನನ್ನ ಮಗಳ ಅಕ್ಷರ ಹೇಗೆ ಕಲಿತಿರೋ, ಇಲ್ಲ ಅವಳನ್ನೇ ಕೂರಿಸಿಕೊಂಡು ಬರೆಸುತ್ತಿದ್ದೀರೋ. ನನ್ನ ಗಾಯ ಇರುವುದು ಬಲ ಹುಬ್ಬಿನ ಮೇಲೆ. ಅವಳು ಎದುರು ಕೂತು ನನ್ನನ್ನು ಕರೆದದ್ದನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಬಲ ಹುಬ್ಬು. ಈ ಗಲಾಟೆಗೆ ಮೊದಲು ಫೋನಿನಲ್ಲಿ ನೋಡಿದಾಗಲೂ ಬಲ ಹುಬ್ಬು. ಲಾಳಿ ಬಡಿದದ್ದು ನಿಮಗೆ ಅವಳು ಹೇಳಿರಬಹುದು. ಯಾವ ಕಡೆ ಅಂತ ನೀವು ಕೇಳಲಿಲ್ಲ, ಅಲ್ಲಿ ಸಿಕ್ಕಿಬಿದ್ದಿರಿ.

ನನ್ನ ಮಗಳು ಎಲ್ಲಿ?

ನಾನು ಓದಿದವಳಲ್ಲ. ಹಾಗಂತ ಹೆದರಿಕೊಂಡು ಕೂರುವವಳೂ ಅಲ್ಲ. ಹೆದರುತ್ತೇನೆ, ಆದರೆ ಕೂರುವುದಿಲ್ಲ. ನಿನ್ನೆ ನಮ್ಮ ಮೇಸ್ತ್ರಿಯಿಂದ ನಿಮ್ಮ ಆಫೀಸಿಗೆ ಫೋನ್ ಮಾಡಿಸಿದೆ. ಓಡುವ ಮಗ್ಗಗಳ ಸದ್ದನ್ನೂ ಮೀರುವ ಗಂಟಲು ಅವನದು. ಅಲ್ಲಿದ್ದವರಿಗೂ ನೆನಪಿರಬೇಕು.

“ಏನ್ರೀ, ನಮ್ಮ ಹುಡುಗೀನ ರೂಮಲ್ಲಿ ಕೂಡಿಹಾಕಿ ಕ್ಯಾಮೆರಾ ಇಟ್ಟಿದೀರಂತೆ?” ಅಂದ.

“ಸರ್, ಹಾಗೇನಿಲ್ಲ. ಇದು ಆಸ್ಪತ್ರೆಗಳಿಗೆ ಸಂಬಂಧಪಟ್ಟ ಸೇವೆ...” ಅಂತ ಹೆಂಗಸಿನ ದನಿ.

“ಅವಳೇನ್ ಡಾಕ್ಟರಾ? ಯಾರಿಗ್ ಹೇಳ್ತೀರಿ ಕಥೆ? ಅವಳಮ್ಮ ಒಪ್ಪಿಲ್ಲ. ಕೇಳಿಸ್ತಾ? ಅವಳಮ್ಮ ಒಪ್ಪಿಲ್ಲ! ನಾಳೆ ಸಂಜೆ ಒಳಗೆ ಆ ಕುರ್ಚಿಯಿಂದ ಅವಳನ್ನ ಎಬ್ಬಿಸ್ಲಿಲ್ಲ ಅಂದ್ರೆ ಪೊಲೀಸ್ನೋರು ಬರ್ತಾರೆ ನಿಮ್ಮ ಬಾಗ್ಲಿಗೆ!”

ಅವರು ಇನ್ನೂ ಏನೋ ಹೇಳುತ್ತಿದ್ದರು, ಇವನು ಇಟ್ಟುಬಿಟ್ಟ. ಅವನಿಗೂ ಅವಳು ಕಂಡಿಕೆ ಬುಟ್ಟಿ ಪಕ್ಕ ಮಲಗಿಸಿದ ಮಗುವೇ.

ಅವಳಿಗೆ ಏನಾದರೂ ಆಗಿದ್ದರೆ ಹೇಳಿಬಿಡಿ. ಆಗಿಲ್ಲ ಅಂದರೆ ಅವಳ ಕೈಯಲ್ಲೇ, ಅವಳ ಮಾತಿನಲ್ಲೇ ಒಂದು ಸಾಲು ಬರೆಸಿ ಕಳಿಸಿ. ತಪ್ಪು ತಪ್ಪಾಗಿ ಇದ್ದರೂ ಸರಿ. ನಿಮ್ಮ ಮನೆಯಲ್ಲೂ ಹೆಣ್ಣುಮಕ್ಕಳಿರಬಹುದು.

ಅವಳ ಅಮ್ಮ

*

ಜುಲೈ ೩೧

ಅಮ್ಮ.

ಇದು ನಾನು. ಪೂರ್ತಿ ನಾನು. ಮೊದಲ ಎರಡು ಕಾಗದ ಕೂಡ ನಾನು. ನನ್ನ ಬರೆಯುವುದು ನೆಟ್ಟಗೆ ಇಲ್ಲ, ನಾಚಿಕೆ. ಫೋನ್‌ನಲ್ಲಿ ಬರೆದೆ, ಫೋನ್ ಸರಿ ಮಾಡಿತು. ಚೆಂದ ಇತ್ತು. ನೋಡಿ ಕಾಗದದಲ್ಲಿ ಬರೆದೆ. ಅಮ್ಮ ಖುಷಿ, ಮಗಳು ಜಾಣೆ ಅಂದುಕೊಳ್ಳುತ್ತಾಳೆ ಅಂದುಕೊಂಡೆ. ನೀನು ಕಳ್ಳ ಅಂದೆ.

ಈಗ ಫೋನ್ ದೂರ ಇಟ್ಟೆ. ತಪ್ಪು ಇರುತ್ತೆ. ಇರಲಿ. ಕೋಪ ಬಹಳ.

ಎಡ ಹುಬ್ಬು. ಹೌದು ಎಡ. ಚಿಕ್ಕವಳು ಇದ್ದಾಗಿಂದ ಎಡ. ಪ್ರತಿ ಸಲ ಕರೆದೆ, ಪ್ರತಿ ಸಲ ನೀನು ತಿರುಗಿದೆ. ಈಗ ಸುಳ್ಳು ಹೇಗೆ ಆಯ್ತು?

ಕೆಲಸ ಹೇಳುತ್ತೇನೆ. ಹೇಳಬಾರದು, ಆದರೂ. ದೂರ ದೂರ ಸಣ್ಣ ಆಸ್ಪತ್ರೆ. ಕಿವಿ ಕೇಳದವರು ಬರುತ್ತಾರೆ, ನನ್ನ ಹಾಗೆ. ಆದರೆ ಶಾಲೆ ಹೋಗಿಲ್ಲ. ಮನೆಯಲ್ಲಿ ಮಾಡಿಕೊಂಡ ಕೈ ಮಾತ್ರ. ಡಾಕ್ಟರ್‌ಗೆ ಗೊತ್ತಾಗಲ್ಲ. ಅಲ್ಲಿ ಟಿವಿ ಹಾಗೆ ಒಂದು, ಅದರಲ್ಲಿ ನನ್ನ ಮುಖ. ಅವರು ಕೈ ಆಡಿಸುತ್ತಾರೆ, ನಾನು ನೋಡುತ್ತೇನೆ, ತಿಳಿಯುತ್ತೆ. ನನ್ನ ಪಕ್ಕ ಒಬ್ಬಳು, ಕಿವಿ ಕೇಳುವ ಹುಡುಗಿ. ಅವಳಿಗೆ ಶಾಲೆಯಲ್ಲಿ ಕಲಿತ ಕೈಯಲ್ಲಿ ಹೇಳುತ್ತೇನೆ. ಅವಳು ಬಾಯಲ್ಲಿ ಡಾಕ್ಟರ್‌ಗೆ ಹೇಳುತ್ತಾಳೆ. ಬಾಗಿಲು ಮುಚ್ಚುವುದು ಯಾಕೆ, ರೋಗ ಬೇರೆಯವರು ನೋಡಬಾರದು ಅಂತ. ಅಷ್ಟೇ.

ಶಾಲೆ ಕಲಿತ ಬೇರೆ ಹುಡುಗಿಯರನ್ನು ಕೂರಿಸಿ ನೋಡಿದರು. ಅವರಿಗೆ ಮನೆಯ ಕೈ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ನಾನು ಶೆಡ್ಡಿನವಳು.

ಮೇಸ್ತ್ರಿ ಫೋನ್ ಮಾಡಿದ. ಆಫೀಸ್ ಮೇಡಂ ಮುಖ ಬಿಳಿ. ನನ್ನನ್ನು ಕುರ್ಚಿಯಿಂದ ಎಬ್ಬಿಸಿದರು. ಮನೆಯವರು ಪೊಲೀಸ್ ಅಂದರೆ ಬೇಡ, ಅಂದರು. ಈಗ ನಾನು ಹೊರಗೆ ಬೆಂಚಿನಲ್ಲಿ.

ಮುಂದೆ ಹೇಳುವುದು ಓದು. ಸರಿಯಾಗಿ ಓದು.

ಕುರ್ಚಿ ಖಾಲಿ ಇದ್ದ ದಿನ ಟಿವಿಯಲ್ಲಿ ಒಬ್ಬಳು ಬಂದಳು. ಬಸುರಿ. ಕಿವಿ ಇಲ್ಲ, ಶಾಲೆ ಇಲ್ಲ. ಕೇಳುವ ಹುಡುಗಿ ಒಬ್ಬಳೇ ನೋಡಿದಳು. ಹೊಟ್ಟೆ ಅಂತ ತಿಳಿಯಿತು, ಬೇರೆ ಏನೂ ತಿಳಿಯಲಿಲ್ಲ. ಹೊಟ್ಟೆನೋವು ಅಂದರು, ಮಾತ್ರೆ ಕೊಟ್ಟರು, ಕಳಿಸಿದರು. ಸಂಜೆ ಹುಡುಗಿ ಅಳುತ್ತಾ ನನ್ನ ಹತ್ತಿರ ಬಂದು ಆ ಹೆಂಗಸು ಮಾಡಿದ ಕೈ ಮಾಡಿ ತೋರಿಸಿದಳು. ಹೊಟ್ಟೆ ಮೇಲೆ ಅಂಗೈ. ಅಂಗೈ ಕೆಳಗೆ ಇನ್ನೊಂದು ಕೈ ಬೆರಳು ಒದೆಯುತ್ತೆ, ಒದೆಯುತ್ತೆ. ಆಮೇಲೆ ಬೆರಳು ಸಣ್ಣಗೆ. ಆಮೇಲೆ ಬೆರಳು ಸುಮ್ಮನೆ. ಆಮೇಲೆ ಅವಳು ಎರಡು ಕೈ ಚಾಚಿದಳಂತೆ, ಏನು ಮಾಡಲಿ ಅಂತ.

ಅಮ್ಮ, ನೋವು ಅಲ್ಲ. ಮಗು ಒದೆಯುವುದು ಕಡಿಮೆ ಆಯ್ತು ಅಂದಳು. ನೋಡಿದ ಕೂಡಲೇ ನನಗೆ ತಿಳಿಯಿತು. ಮೇಡಂಗೆ ಹೇಳಿದೆ. ಅಲ್ಲಿಗೆ ಫೋನ್ ಮಾಡಿದರು. ಅವಳು ಹೊರಟು ಹೋಗಿದ್ದಳು. ಮನೆ ಯಾರಿಗೂ ಗೊತ್ತಿಲ್ಲ. ಹುಡುಕುತ್ತಾ ಇದ್ದಾರೆ.

ಮೇಡಂ ಹೇಳಿದರು, ತಾಯಿ ಮುಖ ತೋರಿಸಿ ಒಪ್ಪಬೇಕು. ವೀಡಿಯೋದಲ್ಲಿ. ಬರೀ ದನಿ ಬೇಡ, ಯಾರ ದನಿಯೋ ಗೊತ್ತಾಗಲ್ಲ ಅಂದರು. ಉಸಿರು ಯಾರದೋ ಅಂತ ನೀನು ಹೇಳಿದ ಹಾಗೇ. ಆಗಸ್ಟ್ ಕೊನೆಯ ಒಳಗೆ ನೀನು ವೀಡಿಯೋಗೆ ಬರಲಿಲ್ಲ ಅಂದರೆ ಕುರ್ಚಿ ಬೇರೆಯವರಿಗೆ.

ನೀನು ಹೆದರುತ್ತೀಯ, ನನಗೆ ಗೊತ್ತು. ನಿನ್ನ ಹೆದರಿಕೆ ನನ್ನ ಕುರ್ಚಿಯಲ್ಲಿ ಕೂತಿದೆ.

ನಾನು

*

ಆಗಸ್ಟ್ ೯

ಕಂದಾ, ನನ್ನ ಕಂದಾ,

ಓದಿದೆ. ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಮೊದಲ ಸಾಲಿಗೇ ನೀನು ಅಂತ ಗೊತ್ತಾಯಿತು. ನಿನ್ನ ಕೋಪವನ್ನು ಯಾವ ಫೋನೂ ತಿದ್ದಲಾರದು.

ಆದರೂ, ನನ್ನ ಹಣೆಬರಹ ನೋಡು, ಎಡ ಹುಬ್ಬು ಮಾತ್ರ ಬಗೆಹರಿಯಲಿಲ್ಲ. ಚಹದ ಹೊತ್ತಿಗೆ ಮಗ್ಗ ನಿಲ್ಲಿಸಿದಾಗ ಎದುರುಮಗ್ಗದ ಚಿಕ್ಕಮ್ಮನ ಹತ್ತಿರ ಹೇಳಿಕೊಂಡು ಅತ್ತೆ. ಅವಳು ಲೋಟ ಕೆಳಗಿಟ್ಟು, “ಎಲ್ಲಿ, ನಿನ್ನ ಮಗಳು ಕರೆಯೋ ಹಾಗೆ ಕರಿ ನೋಡೋಣ” ಅಂದಳು.

ನಾನು ಬಲಗೈ ಎತ್ತಿ ಬಲ ಹುಬ್ಬು ಸವರಿದೆ.

“ಈಗ ನಾನು ನಿನ್ನ ಮಗಳು ಅಂದ್ಕೋ. ನಿನ್ನೆದುರು ಇದೀನಿ. ನಿನ್ನ ಮುಖದಲ್ಲಿ ಗಾಯ ಎಲ್ಲಿ ಕಾಣುತ್ತೋ, ಅದರ ನೇರಕ್ಕೆ ನನ್ನ ಮುಖ ಮುಟ್ಕೋತೀನಿ. ನೋಡು.”

ಸವರಿದಳು. ನಾನು ಮಾಡಿದ ಹಾಗೇ ಕಂಡಿತು. ಅದೇ ಕಡೆ. “ಸರಿಯಾಗೇ ಇದೆಯಲ್ಲ” ಅಂದೆ.

“ಇದೆಯಾ? ಈಗ ನನ್ನ ಯಾವ ಕೈ ಮೇಲಿದೆ ಹೇಳು.”

ನೋಡಿದೆ. ಅವಳು ಕಂಡಿಕೆ ತುಂಬುವ ಕೈ, ಎಡಗೈ. ಎಡ ಹುಬ್ಬು.

“ಇಪ್ಪತ್ತು ವರ್ಷದಿಂದ ಮಗಳ ಮುಖ ನೋಡ್ತಿದೀಯ, ಅದರಲ್ಲಿ ಕನ್ನಡಿ ನೋಡ್ಕೊಂಡ ಹಾಗೆ ನಿನ್ನನ್ನೇ ನೋಡ್ಕೊಂಡಿದೀಯಲ್ಲೇ ದಡ್ಡಿ” ಅಂದಳು. ಮೇಸ್ತ್ರಿ ಅಲ್ಲೇ ನಿಂತಿದ್ದ. ಅವನೂ ಒಂದು ಕೈ, ಆಮೇಲೆ ಇನ್ನೊಂದು ಕೈ ಎತ್ತಿ ತನ್ನ ಮೀಸೆ ಮುಟ್ಟಿಕೊಂಡು ನೋಡಿದ. ಆಮೇಲೆ ಯಾರ ಮುಖವನ್ನೂ ನೋಡದೆ, “ನಾನು ಸ್ವಲ್ಪ ಜೋರಾಗೇ ಮಾತಾಡ್ಬಿಟ್ಟೆ ಅಲ್ವಾ?” ಅಂದ.

ನಾನು ಏನು ಹೇಳಲಿ. ನಿನ್ನ ಮಾತು ಸರಿ ಇತ್ತು, ನಾನು ನೋಡುವ ಕಡೆ ತಪ್ಪಿತ್ತು. ಅದಕ್ಕಾಗಿ ನಿನ್ನನ್ನು ಬೆಂಚಿಗೆ ತಳ್ಳಿದೆ. ಬೆಂಚಾದರೂ ಸರಿ ಅನ್ನೋಣ. ಆ ಬಸುರಿ ಹುಡುಗಿ ಕಣ್ಣೆದುರಿಂದ ಹೋಗುತ್ತಿಲ್ಲ. ಎರಡು ಕೈ ಚಾಚಿದಳು ಅಂದೆಯಲ್ಲ. ಮಗ್ಗದ ಮುಂದೆ ನಿಂತರೂ ಅದೇ ಕೈ. ಸಿಕ್ಕಿದಳಾ? ಕಿವಿ ಕೇಳದವಳನ್ನು ಬೀದಿಯಲ್ಲಿ ಕೂಗಿ ಹುಡುಕುತ್ತಿದ್ದಾರೋ ಏನೋ, ಅಂಥವರೂ ಇರುತ್ತಾರೆ. ಕೂಗಬೇಡಿ, ಮನೆಮನೆಗೆ ಹೋಗಿ ನೋಡಿ ಅಂತ ಹೇಳು.

ನಿಮ್ಮ ಆಫೀಸಿಗೆ ನಾನೇ ಕಾಲ್ ಮಾಡಿದೆ. ಒಪ್ಪಿಗೆ ಇದೆ, ನಾನೇ ಅವಳ ತಾಯಿ ಅಂದೆ. ಅವರು ಬಹಳ ಮರ್ಯಾದೆಯಿಂದ, “ನೀವೇ ಅವರ ತಾಯಿ ಅಂತ ನಮಗೆ ಹೇಗಮ್ಮ ಗೊತ್ತಾಗಬೇಕು?” ಅಂದರು. ಫೋನ್ ಇಟ್ಟೆ.

ಸೇತುವೆ ದಾರಿ ಬಿಟ್ಟಿದ್ದಾರೆ ಅಂತ ಸುದ್ದಿ. ಸೇತುವೆಯ ಆಚೆ ತುದಿಗೆ ಹೋದರೆ ನೆಟ್ ಬರುತ್ತದಂತೆ, ಜನ ಸಾಲುಗಟ್ಟಿ ನಿಲ್ಲುತ್ತಾರಂತೆ. ಇಪ್ಪತ್ತೈದನೇ ತಾರೀಕು ಶೆಡ್ಡಿಗೆ ರಜಾ. ಬೆಳಗ್ಗೆಯೇ ಹೋಗಿ ನಿಲ್ಲುತ್ತೇನೆ. ನಿನ್ನ ಮೇಡಂ ಎಷ್ಟು ಹೊತ್ತಿಗೆ ಬಂದರೂ ಸರಿ, ಇರುತ್ತೇನೆ. ದಾರಿ ಮತ್ತೆ ಮುಚ್ಚಿದರೆ ಏನು ಮಾಡುವುದು ಅಂತ ಈಗಲೇ ಯೋಚನೆ ಹತ್ತಿದೆ. ಮುಚ್ಚಿದರೆ ನದಿಗೆ ಇಳಿಯುತ್ತೇನೆ ಅಂದೆ. ಚಿಕ್ಕಮ್ಮ, “ಫೋನ್ ನೆನೆಯುತ್ತೆ, ತಲೆ ಮೇಲೆ ಇಟ್ಕೋ” ಅಂದಳು.

ನಿನ್ನ ಅಮ್ಮ

*

ಆಗಸ್ಟ್ ೧೮

ಅಮ್ಮ.

ಮೇಡಂ ಒಪ್ಪಿದರು. ೨೫, ಬೆಳಗ್ಗೆ. ನೀನು ಮುಖ ತೋರಿಸು, ಅವರು ಕೇಳುತ್ತಾರೆ, ಕೇಳುವ ಹುಡುಗಿ ಜೊತೆ ಇರುತ್ತಾಳೆ. ಫೋನ್ ಚಾರ್ಜ್ ಪೂರ್ತಿ ಮಾಡು. ಬಿಸಿಲು ಬೆನ್ನ ಹಿಂದೆ ಬೇಡ, ಮುಖ ಕಪ್ಪು ಕಾಣುತ್ತೆ. ಕೈ ಕಾಣುವ ಹಾಗೆ ನಿಲ್ಲು.

ಬೇರೆ ಹುಡುಗಿ ಬಂದಿದ್ದಾಳೆ, ನನ್ನ ಕುರ್ಚಿಯ ಪಕ್ಕ ನಿಂತು ಕಲಿಯುತ್ತಾ ಇದ್ದಾಳೆ. ಒಳ್ಳೆಯವಳು. ಆದರೆ ಅದು ನನ್ನ ಕುರ್ಚಿ.

ಬಸುರಿ ಹೆಂಗಸು ಇನ್ನೂ ಸಿಕ್ಕಿಲ್ಲ.

ಕೋಪ ಸ್ವಲ್ಪ ಇದೆ. ಮೇಸ್ತ್ರಿ ಮೀಸೆ ಮುಟ್ಟಿ ನೋಡಿದ್ದು ಓದಿ ನಗು ಬಂತು, ಅದಕ್ಕೆ ಸ್ವಲ್ಪ.

ನಾನು

*

ಆಗಸ್ಟ್ ೨೭

ಕಂದಾ,

ಫೋನಿನಲ್ಲಿ ಅಷ್ಟು ಹೊತ್ತು ನೋಡಿದ ಮೇಲೂ ಕಾಗದ ಯಾಕೆ ಅನ್ನಬೇಡ. ಸೇತುವೆಯ ಮೇಲೆ ಆಗಿದ್ದರಲ್ಲಿ ನೀನು ನೋಡಿದ್ದು ಅರ್ಧ. ಉಳಿದರ್ಧ ಹೇಳಲು ಚಾರ್ಜು ಉಳಿಯಲಿಲ್ಲ.

ಬೆಳಗ್ಗೆ ಹೋಗುವಷ್ಟರಲ್ಲಿ ಸೇತುವೆಯ ಕಟ್ಟೆಯುದ್ದಕ್ಕೂ ಜನ. ಒಬ್ಬೊಬ್ಬರೂ ಫೋನಿಗೆ ಬಾಯಿ ಹಾಕಿ ಕಿರುಚುತ್ತಿದ್ದಾರೆ, ಒಬ್ಬನು ಅಳುತ್ತಿದ್ದಾನೆ, ಒಬ್ಬಳು ಯಾರಿಗೋ ಬೈಯುತ್ತಿದ್ದಾಳೆ. ನಮ್ಮ ಶೆಡ್ಡೇ ಎದ್ದು ಬಂದು ಅಲ್ಲಿ ನಿಂತ ಹಾಗಿತ್ತು. ನೀನು ಹೇಳಿದಂತೆ ಬಿಸಿಲಿಗೆ ಮುಖ ಮಾಡಿ, ಫೋನನ್ನು ಕಟ್ಟೆಯ ಮೇಲೆ ನನ್ನ ಚಪ್ಪಲಿಗೆ ಒರಗಿಸಿ ಇಟ್ಟೆ. ಚಕ್ರ ಸುತ್ತಿತು, ಸುತ್ತಿತು. ಆಮೇಲೆ ನಿನ್ನ ಮುಖ ಬಂತು. ನಿನ್ನದೇ ಮುಖ. ನೀನು ನನ್ನನ್ನು ಕರೆದೆ. ಈ ಸಲ ಕೈ ನೋಡಿದೆ ನಾನು, ಎಡಗೈ.

ನಾನು ಮಾತು ಶುರುಮಾಡಿದಾಗ ನೀನು ಒಂದು ಸಲ ಗಾಬರಿಯಿಂದ ನನ್ನ ಹಿಂದೆ ನೋಡಿದೆಯಲ್ಲ. ಪೊಲೀಸಿನವನು ಬಂದಿದ್ದ. ಅಷ್ಟು ಜನ ಕೂಗುತ್ತಿರುವ ಕಡೆ ಒಬ್ಬಳು ಬಾಯಿ ಬಿಡದೆ ನದಿಯ ಆಚೆಗೆ ಕೈ ಆಡಿಸುತ್ತಿದ್ದರೆ ಅವನಿಗೆ ಅನುಮಾನ ಬರದೆ ಇರುತ್ತಾ?

“ಏ ಅಮ್ಮ, ಯಾರಿಗೆ ಸನ್ನೆ ಮಾಡ್ತಿದೀಯ?”

“ಮಗಳಿಗೆ ಸ್ವಾಮಿ.”

“ಎಲ್ಲಿದಾಳೆ ಮಗಳು? ಆ ದಡದಲ್ಲಿ ಯಾರಿದಾರೆ? ನಡಿ ಈ ಕಡೆ.” ನನ್ನ ತೋಳು ಹಿಡಿದ. ಫೋನು ಕಟ್ಟೆಯಿಂದ ಜಾರುವುದರಲ್ಲಿತ್ತು. ನನಗೆ ನದಿ ಕಾಣಲಿಲ್ಲ, ಪೊಲೀಸಿನವನೂ ಕಾಣಲಿಲ್ಲ, ನಿನ್ನ ಕುರ್ಚಿ ಒಂದೇ ಕಂಡಿತು. ಮಗಳ ಕುರ್ಚಿ ನೀರಿಗೆ ಬೀಳುತ್ತಿದೆ ಅಂತಲೇ ಕೂಗಿಬಿಟ್ಟೆ. ಅವನು ಬಗ್ಗಿ ಫೋನ್ ನೋಡಿದ. ನೀನು ಒಳಗಿನಿಂದ ಅವನಿಗೆ ಸೆಲ್ಯೂಟ್ ಹೊಡೆದೆ. ಅದು ಹೇಗೆ ಹೊಳೆಯಿತೇ ನಿನಗೆ! ಅವನು ಪಾಪ ಅಭ್ಯಾಸಬಲದಿಂದ ತಾನೂ ಹೊಡೆದ. ಆಮೇಲೆ ನಾಚಿಕೊಂಡು, ಫೋನು ಜಾರದ ಹಾಗೆ ನಾವು ಮುಗಿಸುವ ತನಕ ತಾನೇ ಹಿಡಿದು ನಿಂತಿದ್ದ. ನಿಮ್ಮ ಮೇಡಂ ನೋಡಿದ ಆ ಖಾಕಿ ತೋಳು ಅದೇ. ಅವರಿಗೆ ಹೇಳು, ಈ ಸಲ ಪೊಲೀಸಿನವರನ್ನು ನಾವು ಕರೆದದ್ದಲ್ಲ ಅಂತ.

ಒಪ್ಪಿಗೆಯಾ ಅಂತ ಅವರು ಕೇಳಿದಾಗ ಬಾಯಲ್ಲೂ ಹೇಳಿದೆ, ಕೈಯಲ್ಲೂ ಹೇಳಿದೆ. ಎರಡರಲ್ಲೂ ತಡವರಿಸಿದೆ. ಮನಸ್ಸಿಲ್ಲದೆ ಅಲ್ಲ. ನಿನ್ನ ಹಿಂದೆ ಆ ಕುರ್ಚಿ ಕಾಣುತ್ತಿತ್ತು, ಇಷ್ಟು ಚಿಕ್ಕದಾ ಅನ್ನಿಸಿತು.

ನಿನ್ನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸುತ್ತೇವೆ ಅಂತ ಮೇಡಂ ಅಂದ ಮೇಲೆ ನನಗೆ ನಿದ್ದೆ ಬರಬೇಕಿತ್ತು. ಬರಲಿಲ್ಲ. ಕೊನೆಯಲ್ಲಿ ಚಾರ್ಜು ಹೋಗುತ್ತಿರುವಾಗ ನೀನು ಅವಸರದಲ್ಲಿ ಹೇಳಿದೆಯಲ್ಲ, ಬಸುರಿ ಸಿಕ್ಕಿದಳು, ದೊಡ್ಡ ಆಸ್ಪತ್ರೆಗೆ ಸೇರಿಸಿದರು, ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದಾರೆ ಅಂತ. ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿದೆ. ಮೇಸ್ತ್ರಿ ತನ್ನ ಮನೆಯಲ್ಲೇ ಹುಟ್ಟಿದ ಹಾಗೆ ಎಲ್ಲರಿಗೂ ಚಹ ಹಂಚಿದ.

ಕುಡಿಯುತ್ತಾ ಕುಡಿಯುತ್ತಾ ನನಗೆ ಹೊಳೆಯಿತು. ನಿನಗೆ ಇದನ್ನು ಹೇಳಿದ್ದು ಯಾರು? ಆ ಸಣ್ಣ ಆಸ್ಪತ್ರೆಯವರು. ಅವಳ ಕೈಮಾತು ತಿಳಿಯದೆ ಮಾತ್ರೆ ಕೊಟ್ಟು ಕಳಿಸಿದರಲ್ಲ, ಅವರೇ. ನೀನು ಅವಳನ್ನು ನೋಡೇ ಇಲ್ಲ, ಆ ದಿನ ನಿನ್ನ ಕುರ್ಚಿ ಖಾಲಿ ಇತ್ತು. ಅವಳ ಮುಖ ಕಂಡದ್ದು ಕೇಳುವ ಹುಡುಗಿ ಒಬ್ಬಳಿಗೇ. ಬಸುರಿಯರು ಆಸ್ಪತ್ರೆಗೆ ದಿನಾ ಬರುತ್ತಾರೆ. ಕಿವಿ ಕೇಳದ ಬೇರೆ ಬಸುರಿಯೊಬ್ಬಳು ಬಂದು, ಹೆತ್ತು, ಅವಳೇ ಇವಳು ಅಂತ ಅವರು ಬರೆದುಕೊಂಡು ಹುಡುಕುವುದನ್ನು ನಿಲ್ಲಿಸಿಬಿಟ್ಟಿದ್ದರೆ? ನೀನು ಕೈ ಬೀಸುತ್ತೀಯ, ಗೊತ್ತು. ಬೀಸು. ಆದರೆ ಈ ಒಂದು ಸಲ ನನ್ನ ಮಾತು ಕೇಳು. ಅವಳನ್ನು ಆ ಟಿವಿಯ ಮುಂದೆ ಮಗುವಿನ ಜೊತೆ ಕೂರಿಸಲು ಹೇಳು. ಕೇಳುವ ಹುಡುಗಿ ಮುಖ ನೋಡಲಿ. ನೀನು ಅವಳ ಕೈಯನ್ನೇ ಕೇಳು, ಆ ದಿನ ಬಂದವಳು ನೀನೇನಾ ಅಂತ.

ನಿನ್ನ ಅಮ್ಮ

ಕವರಿಗೆ ಅಂಟು ಹಾಕುವ ಮುಂಚೆ ಇನ್ನೊಂದು ಸಲ ಬರೆಯುತ್ತಿದ್ದೇನೆ, ಮರೆಯಬೇಡ. ಅವಳೇನಾ ಅಂತ ಇನ್ನೊಂದ್ಸಲ ನೋಡು.